ಮಣಿಕಟ್ಟಿನ ಗೀರು

ಏಪ್ರಿಲ್ ೬, ಭಾನುವಾರ. ಮುತ್ತತ್ತಿ.

ನಾನು ಸುಳ್ಳು ಹೇಳಿದೆ. ಅಷ್ಟು ಸಲೀಸಾಗಿ ಬಾಯಿಗೆ ಹೇಗೆ ಬಂತು?

ಸಂಜೆ ಹೊಳೆದಡದ ಮರಳಲ್ಲಿ ಕಬಡ್ಡಿ. ಹೈಸ್ಕೂಲ್ ಹುಡುಗಿಯರು ಒಂದು ಕಡೆ, ಪಿಯುಸಿಯ ನಾವು ಇನ್ನೊಂದು ಕಡೆ. ಬಿಂದಿಗೆಯಿಂದ ನೀರು ಸುರಿದು ಎಳೆದ ಗೆರೆ ಬಿಸಿಲಿಗೆ ಆಗಲೇ ಆರಿತ್ತು. ಇಲ್ಲಿ ಅಂಪೈರ್ ಇಲ್ಲ. ಔಟಾದವರು ತಾವೇ ಕೈ ಎತ್ತಬೇಕು. ನಾನು ಓದುವ ಪೇಟೆಯ ಹಾಸ್ಟೆಲ್ಲಿನಲ್ಲಿ ವಿಸಿಲ್ ಊದುವವರೆಗೂ ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ.

ಕೊನೆಗೆ ನಮ್ಮ ಕಡೆ ಉಳಿದವಳು ನಾನೊಬ್ಬಳೇ. ಅವರ ಕಡೆಯೂ ಒಬ್ಬಳೇ, ಮೆಕ್ಯಾನಿಕ್ ಬಾಬು ಜಾನ್ ಮಗಳು, ಒಂಬತ್ತನೇ ಕ್ಲಾಸಿನ ತೂಬಾ. ಅವಳು ರೈಡಿಗೆ ಬಂದು ನನ್ನ ಮಣಿಕಟ್ಟು ಮುಟ್ಟಿ ಓಡಿದಳು. ನಾನು ಕೈ ಎತ್ತಲಿಲ್ಲ.

"ಮಂಜಕ್ಕ, ಮುಟ್ಟಿದ್ನಾ?"

"ಇಲ್ಲ. ನೋ ಟಚ್."

ಅವಳ ಕಡೆಯವರು ಕೂಗಾಡಿದರು. "ಅಕ್ಕ ಇಲ್ಲ ಅಂದ್ಮೇಲೆ ಇಲ್ಲ ಬುಡ್ರೇ!" ಎಂದು ಅವಳೇ ಅವರ ಬಾಯಿ ಮುಚ್ಚಿಸಿದಳು.

ಮುಂದಿನ ರೈಡು ನನ್ನದು. ಅವಳಿಗೆ ನನ್ನ ಬೆರಳು ತಗುಲಿದ್ದು ನನಗೇ ಗೊತ್ತಾಗಲಿಲ್ಲ. ಅವಳು ತಟ್ಟನೆ ಕೈ ಎತ್ತಿದಳು. "ಮುಟ್ತು ಕಣಕ್ಕ. ನಾನ್ ಔಟು."

ನಾವು ಗೆದ್ದೆವು. ಎಲ್ಲರೂ ನನ್ನನ್ನು ಎತ್ತಿ ಕುಣಿದರು.

ಆಮೇಲೆ ಕಲ್ಲಂಗಡಿ ಹೋಳು ಕೊಡಲು ಬಂದ ತೂಬಾ ನನ್ನ ಕೈ ತಿರುಗಿಸಿ ನೋಡಿದಳು. ಮಣಿಕಟ್ಟಿನ ಮೇಲೆ ಕೆಂಪಗೆ, ಅವಳ ಉಗುರಿನ ಗೀರು. ಅವಳು ಯಾರಿಗೂ ಕೇಳಿಸದ ಹಾಗೆ ಅಂದಳು: "ಉಗುರು ಕತ್ತರಿಸ್ಕಂಡು ಬರ್ಬೇಕಿತ್ತು ಕಣಕ್ಕ. ಉರೀತಾ?"

ಅಷ್ಟೇ. ಇನ್ನೇನೂ ಕೇಳಲಿಲ್ಲ.

ನಾಳೆ ಎಲ್ಲರ ಮುಂದೆ ಕೈ ಎತ್ತಿಬಿಡುತ್ತೇನೆ. ಎತ್ತುತ್ತೇನಾ? ಗೀರು ಇರುವುದೂ ಬಲಗೈ ಮೇಲೆಯೇ, ಎತ್ತಿದರೆ ಎಲ್ಲರಿಗೂ ಕಾಣುತ್ತದೆ.