ಜೋಡಿ ಪೆಟ್ಟು

ಸಿಂದಗಿ,
ತಾ. 22 ಜನವರಿ 1961, ಐತವಾರ

ಪ್ರೀತಿಯ ದೋಸ್ತ ಸೋಮನಿಂಗನಿಗೆ ಅಮೀನುದ್ದೀನನ ಸಲಾಮು.

ನನ್ನ ಅಕ್ಷರ ಕಂಡ ಕೂಡಲೇ ಕಾಗದ ಹರಿದು ಒಲೆಗೆ ಹಾಕಬೇಡ ಮಾರಾಯ, ಮೊದಲು ಓದು. ಮೂರು ವರ್ಷ ಒಂದು ಸಾಲೂ ಬರೆಯದವನಿಗೆ ಈಗೇನು ನೆನಪಾಯಿತು ಎಂದು ಬೈದರೆ ಬೈಸಿಕೊಳ್ಳುತ್ತೇನೆ. ನಿನಗೆ ಬರೆಯಬೇಕೆಂದು ಪೋಸ್ಟಿನಿಂದ ಕಾರ್ಡು ತಂದದ್ದು ಎಷ್ಟೋ ಸಲ. ತಂದದ್ದನ್ನೆಲ್ಲ ನಿನ್ನ ವೈನಿ ರೋಷನಬಿ ತನ್ನ ತಂಗಿಗೆ ಬರೆಸಿ ಮುಗಿಸಿದಳು. ಚಂದವ್ವ ಹೇಗಿದ್ದಾಳೆ? ಸೊಲ್ಲಾಪುರದ ನೀರು ಒಗ್ಗಿತೇ? ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದು ನಿನಗೆ ಕೆಮ್ಮು ಹತ್ತಿದೆ ಎಂದು ನಿಮ್ಮ ದೇವಣಗಾಂವದವರು ಸಂತೆಯಲ್ಲಿ ಹೇಳಿದರು. ಅದೊಂದು ಸುಳ್ಳಾಗಿರಲಿ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಫೆಬ್ರವರಿ ಐದಕ್ಕೆ ಮುದ್ದೇಬಿಹಾಳದಲ್ಲಿ ಬ್ಯಾಂಡುಗಳ ಕಡೆಯ ಪಂದ್ಯವಿದೆ. ಅಷ್ಟರೊಳಗೆ ನೀನು ಬರಬೇಕು, ದೊಡ್ಡ ಡ್ರಮ್ಮು ಮತ್ತೆ ನಿನ್ನ ಕೊರಳಿಗೆ ಬೀಳಬೇಕು. ಇದನ್ನು ಕೇಳುವುದಕ್ಕೇ ಈ ಕಾಗದ.

ಹೌದು, ಈ ವರ್ಷ ಮತ್ತೆ ಪಂದ್ಯಕ್ಕೆ ಇಳಿದಿದ್ದೇವೆ. ನೀನು ಹೋದ ಮೇಲೆ ಎರಡು ವರ್ಷ ನಮಗೆ ಡ್ರಮ್ಮಿನವನೇ ಸಿಗಲಿಲ್ಲ. ಪಂದ್ಯ ಬಿಟ್ಟರೆ ಬ್ಯಾಂಡಿನ ಗತಿ ಏನಾಗುತ್ತದೆ ಎಂಬುದು ನಿನಗೆ ಗೊತ್ತೇ ಇದೆ. ಢಾಲು ಗೆದ್ದ ಬ್ಯಾಂಡಿಗೆ ಹಲಸಂಗಿಯಿಂದ ಹಿಡಿದು ಮುದ್ದೇಬಿಹಾಳದವರೆಗೆ ದೊಡ್ಡ ಮನೆಗಳ ಲಗ್ನಗಳೆಲ್ಲ. ಉಳಿದವರು ಟೂರಿಂಗ್ ಟಾಕೀಸಿನ ಜಾಹೀರಾತಿನ ಬಂಡಿಯ ಮುಂದೆ ಊದುತ್ತ ಓಣಿ ಓಣಿ ತಿರುಗಬೇಕು. ನಾವೂ ತಿರುಗಿದೆವು. ಕೆಂಪು ಕೋಟು ಹಾಕಿಕೊಂಡು, ಬಂಡಿಯ ಎತ್ತಿನ ಮುಂದೆ! ಕೋಟು ಹೊಲಿಸಿಕೊಟ್ಟ ಅಡತಿ ಅಂಗಡಿಯ ಗುರಲಿಂಗಪ್ಪನವರು ಅದನ್ನು ಕಣ್ಣಾರೆ ಕಂಡರು. "ಮಾಸ್ತರ, ಈ ಸಲ ಢಾಲು ತರ್ರಿ. ಇಲ್ಲಂದ್ರ ಕೋಟು ಮಡಚಿ ನನ್ನ ಅಂಗಡ್ಯಾಗ ಇಟ್ಟು ಹೋಗ್ರಿ" ಎಂದರು.

ಅದೇ ವೇಳೆಗೆ, ದಸರಾ ಮುಗಿದ ವಾರ, ಮಸೂತಿ ಊರಿನ ಅಮಸಿದ್ದ ಎಂಬವನು ತಾನಾಗಿ ಬಾಗಿಲಿಗೆ ಬಂದ. ಕುರಿ ಕಾಯುವ ಮನೆತನದವನು, ಡೊಳ್ಳು ಬಾರಿಸಿ ಕೈ ಪಳಗಿದೆ, ಮಗಳ ಮದುವೆ ಮಾಡಿದ ವಯಸ್ಸು. "ಡ್ರಮ್ಮಿಗೆ ಆಳು ಬೇಕಂತಲ್ರಿ, ನಾ ಬಾರಸ್ತೇನ್ರಿ" ಎಂದ. ಯಾರು ಕಳಿಸಿದರೋ ಎಂದರೆ ಹಲ್ಲು ಕಿರಿಯುತ್ತಾನೆ, ಹೇಳುವುದಿಲ್ಲ. ಅವನಿಗೆ ನೆಟ್ಟಗೆ ನಡೆಯುವುದನ್ನು ಕಲಿಸುವುದರಲ್ಲಿ ನನ್ನ ಜೀವ ಹೋಯಿತು. ಡೊಳ್ಳಿನವನಲ್ಲವೇ, ನಾಲ್ಕು ಹೆಜ್ಜೆ ಇಟ್ಟರೆ ಗಿರ್ರನೆ ಒಂದು ಸುತ್ತು ತಿರುಗುತ್ತಿದ್ದ. ಹಿಂದಿನ ಸಾಲಿನವರು ಅವನನ್ನು ತಪ್ಪಿಸಿಕೊಳ್ಳುವುದನ್ನು ನೀನು ನೋಡಬೇಕಿತ್ತು, ಹೊಟ್ಟೆ ಹಿಡಿದು ನಗುತ್ತಿದ್ದೆ.

ಇಂಡಿಯಲ್ಲಿ ಮೂರನೆಯವರಾದೆವು. ನಮ್ಮ ಸಿಂದಗಿಯಲ್ಲೇ ಎರಡನೆಯವರು. ಮೊನ್ನೆ ಬಾಗೇವಾಡಿಯಲ್ಲಿ ಮಾತ್ರ ಮೊದಲು! ತೀರ್ಪಿನ ಕಟ್ಟೆಯ ಎದುರು ಇಪ್ಪತ್ತೊಂದು ಜನರ ಕಾಲು, ಬಾಯಿ, ಕೈ ಎಲ್ಲ ಒಂದೇ ಕ್ಷಣಕ್ಕೆ ನಿಂತವು. ಕಟ್ಟೆಯ ಮೇಲಿದ್ದ ಪೊಲೀಸ್ ಬ್ಯಾಂಡಿನ ಹಳೆಯ ಜಮಾದಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಅಮಸಿದ್ದನ ಚಾಳಿ ನೋಡು. ನಿಲ್ಲುವ ಮುಂಚೆ ಡ್ರಮ್ಮಿನ ಮೇಲೆ ಜೋಡಿ ಪೆಟ್ಟು ಕೊಟ್ಟು ಎಚ್ಚರಿಸಬೇಕು, ಅದು ಕಿವಿಗೆ ಬಿದ್ದ ಮೇಲೆ ಮುಂದೆ ನಡೆಯುವ ನಾನು ಮಾಸ್ತರನ ಕೋಲು ಇಳಿಸಬೇಕು, ಆಗ ಎಲ್ಲರೂ ನಿಲ್ಲಬೇಕು, ಇದು ನೀನೇ ತಂದ ಪದ್ಧತಿ. ಇವನು ಮೈಮೇಲೆ ಬೀಳುವಷ್ಟು ಹತ್ತಿರ ಬಂದು, ಡ್ರಮ್ಮಿನ ಅಂಚಿನಿಂದ ನನ್ನ ಬೆನ್ನಿಗೆ ಎರಡು ಸಲ ತಿವಿದ. ಮೂರೂ ಊರಿನಲ್ಲಿ ಹೀಗೇ ಮಾಡಿದ್ದಾನೆ. ಪಂದ್ಯ ಮುಗಿದ ಮೇಲೆ ಎಲ್ಲರೆದುರು ಹಿಡಿದು ಬೈದೆ. "ಏನಲೇ, ಹೋರಿ ಹಾದಂಗ ಹಾಯ್ತೀಯಲ್ಲ, ಕಣ್ಣ ಎಲ್ಲಿಟ್ಟೀದಿ?" ಎಂದೆ. ಅವನು ಎದುರು ನಿಂತು ಕೈ ಮುಗಿದು, "ತಪ್ಪಾತ್ರಿ ಮಾಸ್ತರ, ಕಾಲು ಎಡವಿತ್ರಿ" ಎಂದ. ಉಳಿದವರು ತಮ್ಮ ತಮ್ಮ ಬಾಜಾ ಒರೆಸುತ್ತ ಕೂತರು. ಒಬ್ಬನೂ ನಗಲಿಲ್ಲ. ಗೆದ್ದ ದಿನ ಹಾಗೆ ಕೂತದ್ದು ನನಗೆ ಸರಿ ಬರಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವರೆಲ್ಲ ಹಿಂದೆ ಕೂತಿದ್ದರು, ನಾನೊಬ್ಬನೇ ಮುಂದೆ. ತಿರುಗಿ ನೋಡಿದರೆ ಬಾಯಿಗಳು ಆಡುತ್ತಿರುತ್ತವೆ, ನನ್ನ ಕಣ್ಣು ಕಂಡರೆ ಮುಚ್ಚಿಕೊಳ್ಳುತ್ತವೆ. ಈಗ ನನ್ನೊಡನೆ ಹರಟುವವರು ಯಾರೂ ಇಲ್ಲ, ಸೋಮ್ಯಾ. ತಾಲೀಮು ಮುಗಿದ ಮೇಲೆ ಹತ್ತಿ ಜಿನ್ನಿನ ಹಿಂದಿನ ಹಾಸುಗಲ್ಲಿನ ಮೇಲೆ ಕೂಡುತ್ತೇನೆ, ನೀನು ಬೀಡಿ ಹಚ್ಚುತ್ತಿದ್ದೆಯಲ್ಲ ಅಲ್ಲೇ. ಮಂದಿ ಬಂದು "ಬರ್ತೇವ್ರಿ ಮಾಸ್ತರ" ಎಂದು ಕೈ ಮುಗಿದು ಹೋಗುತ್ತಾರೆ. ಮರ್ಯಾದೆಗೇನೂ ಕಡಿಮೆಯಿಲ್ಲ. ಆದರೆ "ಆ ಪದಾ ಭಾಳ ಎಳದಿ, ಹೆಣದ ಮುಂದ ಬಾರಿಸಿದಂಗಾತು" ಎಂದು ಮುಖಕ್ಕೆ ಹೇಳುವವನು ನೀನೊಬ್ಬನೇ ಇದ್ದೆ. ಇಪ್ಪತ್ತು ವರ್ಷ ನನ್ನ ಬೆನ್ನ ಹಿಂದೆ ನಡೆದೆ. ಈಗ ಮನೆಯಲ್ಲಿ ಉಣ್ಣುವಾಗಲೂ ಬೆನ್ನ ಹಿಂದೆ ಖಾಲಿ ಖಾಲಿ ಎನಿಸುತ್ತದೆ. ನಾನು ಒಂಟಿಯಾಗಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದೆ.

ಮೂರು ವರ್ಷದ ಹಿಂದಿನ ಆ ದಿನದ ಸುದ್ದಿ ಎತ್ತಬಾರದು ಎಂದಿದ್ದೆ. ಮುದ್ದೇಬಿಹಾಳದ ಕಟ್ಟೆಯ ಎದುರು ಬ್ಯಾಂಡು ಎರಡು ತುಂಡಾಯಿತು. ಅರ್ಧ ಜನ ನಿಂತರು, ಅರ್ಧ ಜನ ನನ್ನ ಕೋಲು ನೋಡುತ್ತ ಇನ್ನೂ ನಾಲ್ಕು ಹೆಜ್ಜೆ ಊದುತ್ತ ನಡೆದರು. ಕೈಗೆ ಬಂದ ಢಾಲು ಹೋಯಿತು. "ಯಾರದರಿ ತಪ್ಪು?" ಎಂದು ಗುರಲಿಂಗಪ್ಪನವರು ಬಜಾರಿನ ನಡುವೆ ಕೂಗಿದರು. ನಾನು, "ಡ್ರಮ್ಮಿನವಂದ್ರಿ. ಜೋಡಿ ಪೆಟ್ಟು ತಡಾ ಮಾಡಿ ಕೊಟ್ಟ" ಎಂದೆ. ನೀನು ನನ್ನ ಮುಖ ನೋಡಿದೆ. ಆಮೇಲೆ ಪಟ್ಟಿ ಬಿಚ್ಚಿ, ಡ್ರಮ್ಮನ್ನು ಮೆಲ್ಲಗೆ ನೆಲಕ್ಕಿಟ್ಟು, ಬಸ್ಸಿನ ಕಡೆ ನಡೆದುಬಿಟ್ಟೆ. ತಡವಾದದ್ದು ಆಗಿಹೋಯಿತು. ಯಾರ ಕೈಯಿಂದಲೂ ಆಗುತ್ತದೆ. ನಾನು ಮರೆತಿದ್ದೇನೆ, ನೀನೂ ಮರೆತುಬಿಡು.

ಗಿರಣಿಯಲ್ಲಿ ನಾಲ್ಕು ದಿನ ರಜೆ ಕೇಳು. ಇಂಡಿಯಲ್ಲಿ ರೈಲು ಇಳಿ, ಮುಂದೆ ಬಸ್ಸಿದೆ. ಚಂದವ್ವನನ್ನೂ ಕರೆದುಕೊಂಡು ಬಾ. ಅಲ್ಲಾಹ್ ನಿಮ್ಮಿಬ್ಬರನ್ನೂ ತಣ್ಣಗಿಡಲಿ, ನಿನ್ನ ಕೆಮ್ಮು ನಿಲ್ಲಲಿ.

ನಿನ್ನ
ಅಮೀನುದ್ದೀನ

ತಾ.ಕ.: ಪಾಕೀಟು ಅಂಟಿಸಿ ಪೋಸ್ಟಿಗೆ ಹೊರಟಿದ್ದೆ. ರೋಷನಬಿ ಬಾಗಿಲಿಗೆ ಅಡ್ಡ ನಿಂತಳು. ಈಗೀಗ ಅವಳು ನನ್ನ ಎದುರು ನಿಂತು, ಬಾಯಿ ಅಗಲ ಮಾಡಿ, ಒಂದೊಂದೇ ಮಾತು ಆಡುತ್ತಾಳೆ. "ಖರೇ ಬರ್ದೀರೇನ್ರಿ?" ಎಂದಳು. ನಾನು ಪಾಕೀಟು ಕಿಸೆಗೆ ಸೇರಿಸಿದೆ. ಆಗ ಎಲ್ಲ ಹೇಳಿದಳು. ಬಾಗೇವಾಡಿಯಲ್ಲಿ ಬೈಸಿಕೊಂಡ ಅಮಸಿದ್ದ ಮರುದಿನ ನಾನಿಲ್ಲದಾಗ ಬಂದು ಅವಳೆದುರು ಅತ್ತನಂತೆ. ದಸರೆಗೆ ಊರಿಗೆ ಬಂದ ನೀನೇ ಮಸೂತಿಗೆ ಹೋಗಿ ಅವನನ್ನು ಕಳಿಸಿದೆಯಂತೆ. "ಮಾಸ್ತರಿಗೆ ಕಿವಿ ಕೇಳ್ಸಂಗಿಲ್ಲ. ಅವರ ಬೆನ್ನ ಸನೇಕ ನಡಿ. ಜೋಡಿ ಪೆಟ್ಟು ಡ್ರಮ್ಮಿಗೂ ಕೊಡು, ಬೆನ್ನಿಗೂ ಮುಟ್ಟಸು. ಯಾರ ಮುಂದೂ ಅನಬ್ಯಾಡ" ಎಂದೆಯಂತೆ. ಇಡೀ ಬ್ಯಾಂಡಿಗೆ ಗೊತ್ತಂತೆ.

ಸೋಮ್ಯಾ, ಆ ದಿನ ನೀನು ತಡ ಮಾಡಲಿಲ್ಲ. ನನಗೆ ಕೇಳಿಸಲಿಲ್ಲ. ಎಡಗಿವಿ ಅದಕ್ಕೂ ಒಂದು ವರ್ಷ ಮೊದಲೇ ಹೋಗಿತ್ತು, ಈಗ ಬಲಗಿವಿಯೂ ಹೋಯಿತು. ಕಿವುಡ ಮಾಸ್ತರನ ಬ್ಯಾಂಡನ್ನು ಯಾರು ಕರೆಯುತ್ತಾರೆ ಎಂದು ಹೆದರಿ ನಿನ್ನ ಮೇಲೆ ಹಾಕಿದೆ. ಮುಖ ನೋಡಿದಾಗಲೇ ನಿನಗೆ ತಿಳಿದಿತ್ತು. ನೀನು ಬಾಯಿ ಬಿಟ್ಟಿದ್ದರೆ ಅಂದೇ ನನ್ನ ಕೋಲು ಹೋಗುತ್ತಿತ್ತು. ನಿನ್ನ ಅನ್ನ ಬಿಟ್ಟು ನನ್ನದನ್ನು ಉಳಿಸಿದೆ, ನಾನು ಮೇಲೆ "ಮರೆತಿದ್ದೇನೆ" ಎಂದು ದೊಡ್ಡಸ್ತಿಕೆ ಬರೆದಿದ್ದೇನೆ. ಅದನ್ನು ಹೊಡೆದುಹಾಕುವುದಿಲ್ಲ. ನಾನೆಂಥವನೆಂದು ನೀನು ಓದಬೇಕು.

ಡ್ರಮ್ಮು ಬಾರಿಸಲು ಬರಬೇಡ, ಅದು ಅಮಸಿದ್ದನಿಗೇ ಇರಲಿ. ಐದನೆಯ ತಾರೀಖು ಪಂದ್ಯ ಶುರುವಾಗುವ ಮೊದಲೇ ಗುರಲಿಂಗಪ್ಪನವರ ಎದುರು, ಅದೇ ಬಜಾರಿನಲ್ಲಿ, ತಪ್ಪು ಯಾರದೆಂದು ಹೇಳುತ್ತೇನೆ. ಕೋಲು ಇಸಿದುಕೊಂಡರೆ ಇಸಿದುಕೊಳ್ಳಲಿ. ಆ ಮಾತು ಕೇಳುವುದಕ್ಕೆ ನೀನು ಅಲ್ಲಿರಬೇಕು.

ಅದಕ್ಕೂ ಮೊದಲು ಮನೆಗೆ ಬಂದರೆ ಹೊರಗೆ ನಿಂತು ಕೂಗಬೇಡ, ಬಾಗಿಲು ಬಡಿಯಬೇಡ. ನಾನು ಒಳಗೆ ಬೆನ್ನು ತಿರುಗಿಸಿ ಕೂತಿರುತ್ತೇನೆ. ನೇರ ಬಂದು ಬೆನ್ನ ಮೇಲೆ ಎರಡು ಪೆಟ್ಟು ಹಾಕು. ನಿನ್ನ ಕೈ ನನಗೆ ಗೊತ್ತಾಗುತ್ತದೆ.