ಎರಿ ಇಲಿ, ಮಸಾರಿ ಇಲಿ

೯ ಜೂನ್ ೨೦೦೩, ಸಂಪಗಾಂವ

ಹತ್ತೂ ಪಂಜರಕ್ಕೆ ಜೋಳ ಹಾಕಿದೆ. ನೀರು ಬದಲಿಸಿದೆ. ಮೂರನೆಯದು ಇನ್ನೂ ಕಚ್ಚಲು ಬರುತ್ತದೆ.

ಒಂದರಿಂದ ಐದು, ರಾಮದುರ್ಗದ ಕಡೆಯ ಮಸಾರಿ ಇಲಿ. ಕೆಂಪು ಮಣ್ಣಿನವು. ಆರರಿಂದ ಹತ್ತು, ನಮ್ಮೂರ ಎರಿ ಇಲಿ. ಕರಿ ಮಣ್ಣಿನವು. ಎಲ್ಲವನ್ನೂ ಬಿಲ ಅಗೆದು ಹಿಡಿದುಕೊಟ್ಟವನು ಅಪ್ಪ. ಇವು ಎರಡು ಜಾತಿಯೋ ಒಂದೇ ಜಾತಿಯೋ, ಮಳೆ ಕಡಿಮೆಯಾದರೆ ಮಣ್ಣು ಬದಲಿಸುತ್ತವೋ ಇಲ್ಲವೋ — ಧಾರವಾಡದ ರಾಜೇಶ್ವರಿ ಮೇಡಂ ಅವರಿಗೆ ಅದು ಗೊತ್ತಾಗಬೇಕು.

ಅಪ್ಪ ಇವತ್ತು ಅವರೆದುರಿಗೇ ಹೇಳಿಬಿಟ್ಟ: "ಎರಡ ಜಾತಿ ರೀ ಅಕ್ಕೋರ. ಬೀಗತನ ಇಲ್ಲ, ಬಳಕಿ ಇಲ್ಲ."

ಮೇಡಂ ನಕ್ಕರು. "ಸುಳ್ಳಾದ್ರ ಶಟ್ಟೆಪ್ಪಾ?"

"ಸುಳ್ಳಾದ್ರ ನನ್ನ ಹಾರಿ ನಿಮ್ಮ ಜೀಪಿನ್ಯಾಗ ಇಡತೇನ್ರಿ."

ಆ ಕಬ್ಬಿಣದ ಹಾರಿ ಅಜ್ಜನದು. ಅದರಿಂದಲೇ ಬಿಲ ಅಗೆಯುತ್ತಾನೆ. ನಮಗೂ ಮುಟ್ಟಗೊಡುವುದಿಲ್ಲ.

೧೬ ಜೂನ್

ಮಳೆ. ಶೆಡ್ಡಿನ ತಗಡು ಸೋರಿತು. ಎಂಟನೆಯದು ಸತ್ತಿದೆ. ಬೇವಿನ ಬುಡದಲ್ಲಿ ಹೂತೆ, ಅದರ ಪಂಜರ ತೊಳೆದು ಚೀಟಿ ಕಿತ್ತೆ. ನೀರು ಬಿದ್ದು ನಾಲ್ಕರ ಚೀಟಿ ಅಳಿಸಿತ್ತು. ಹೊಸದು ಬರೆದು ಅಂಟಿಸಿದೆ.

ಮೇಡಂ ಜೊತೆಗಿರುವ ಕೇರಳದ ಸರ್ ಬಂದರು. ಹೇಳಬೇಕೆಂದರೆ ದನಿಯೇ ಹೊರಡಲಿಲ್ಲ; ಹೊರಗಿನವರ ಮುಂದೆ ನನಗೆ ಯಾವಾಗಲೂ ಹೀಗೇ. ಒಂದು ಬೆರಳು ತೋರಿಸಿದೆ, ಸತ್ತಿತು ಎಂದು ಸನ್ನೆ ಮಾಡಿದೆ. ಯಾವುದು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಉಳಿದ ಪಂಜರಗಳ ಚೀಟಿ ನೋಡಿ ಅವರೇ ಬರೆದುಕೊಂಡರು.

೨೦ ಜೂನ್

ಸವದತ್ತಿಯ ಅಕ್ಕನಿಗೆ ಟೈಫಾಯ್ಡ್. ಕೂಸು ನೋಡಿಕೊಳ್ಳುವವರಿಲ್ಲ. ಒಂದು ತಿಂಗಳಾದರೂ ಅಲ್ಲಿರಬೇಕು. ಜೋಳ, ನೀರು — ಎಲ್ಲ ಸರ್ ನೋಡಿಕೊಳ್ಳುತ್ತಾರಂತೆ.

೨೯ ಜುಲೈ, ಸಂಪಗಾಂವ

ನಿನ್ನೆ ಸಂಜೆ ಬಂದೆ. ಇವತ್ತು ಮೇಡಂ ಪೇಢೆ ತಂದಿದ್ದರು. ನಾನಿಲ್ಲದಾಗ ಏನೇನೋ ಆಗಿದೆ. ಮರದ ತೊಟ್ಟಿಯಲ್ಲಿ ಅರ್ಧ ಎರಿ, ಅರ್ಧ ಮಸಾರಿ ತುಂಬಿ ಇಲಿ ಬಿಟ್ಟರಂತೆ. ಎಲ್ಲವೂ ತಮ್ಮ ತಮ್ಮ ಮಣ್ಣಲ್ಲೇ ತೋಡಿದವು. ಒಂದೇ ಒಂದು ಎರಿ ಇಲಿ ಮಾತ್ರ ಮಸಾರಿಗೆ ಹೋಯಿತು! ಅದನ್ನು ಮಸಾರಿ ಹೆಣ್ಣಿನ ಜೊತೆ ಬಿಟ್ಟರು. ಐದು ಮರಿ.

ಅಪ್ಪನನ್ನು ಕರೆಸಿದರು. ಅವನ ಕಣ್ಣಿಗೆ ಪೊರೆ, ಕೈಯಿಂದಲೇ ನೋಡುವುದು. ಗಂಡು ಇಲಿಯ ಕಾಲು ಸವರಿದ. ಮತ್ತೆ ಸವರಿದ.

"ಅಕ್ಕೋರ, ಇದು ಎರೀದಲ್ಲ. ಉಗುರು ಗಿಡ್ಡ ಅದಾವ. ಇದು ಮಸಾರೀದು."

ಸರ್ ನಗುತ್ತ ಪುಸ್ತಕ ತೆರೆದರು. "ಎಂಟು. ಸಂಪಗಾಂವ." ಪಂಜರ ಎತ್ತಿ ಚೀಟಿಯನ್ನು ನನ್ನ ಕಡೆ ತಿರುಗಿಸಿದರು; ಮೇಡಂ ನೋಡುತ್ತಿದ್ದುದು ಅಪ್ಪನ ಮುಖವನ್ನು.

ನನ್ನದೇ ಅಕ್ಷರ. ೪.

ಬಾಯಿ ತೆರೆದೆ. ಏನೂ ಬರಲಿಲ್ಲ.

ಮೇಡಂ ಮೆತ್ತಗೆ ಅಂದರು, "ವಯಸ್ಸಾತು ಶಟ್ಟೆಪ್ಪಾ. ಇರ್ಲಿ ಬಿಡ್ರಿ." ಅಪ್ಪ ಮನೆಗೆ ಹೋದ. ಹಾರಿ ತಂದು ಜೀಪಿನಲ್ಲಿ ಇಟ್ಟ. ಅವರು ಬ್ಯಾಡ್ರೀ ಬ್ಯಾಡ್ರೀ ಎಂದರೂ ಕೇಳಲಿಲ್ಲ.

೪ ಆಗಸ್ಟ್

ತಾರೀಖು ಬರೆದು ಅದನ್ನೇ ನೋಡುತ್ತ ಕುಳಿತೆ.

ಅಂಕಿ ಇಂಗ್ಲಿಷಿನಲ್ಲೇ ಬರಿ ಎಂದು ಮೊದಲ ದಿನವೇ ಮೇಡಂ ಹೇಳಿದ್ದರು. ಆ ಮಳೆಯ ದಿನ ಅವಸರದಲ್ಲಿ ಕೈ ಸಾಲಿಯಲ್ಲಿ ಕಲಿತದ್ದನ್ನೇ ಬರೆಯಿತು. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟ ಕೈ. ಸರ್‌ಗೆ ಕನ್ನಡ ಬಾರದು. ನಮ್ಮ ೪ ಅವರಿಗೆ 8.

ಸತ್ತದ್ದು ಎಂಟು. ಇರುವುದು ನಾಲ್ಕು. ತಂದೆ ಮಸಾರಿ, ತಾಯಿ ಮಸಾರಿ. ಅಪ್ಪನ ಮಾತು ಸುಳ್ಳಾಗಿಲ್ಲ. ಗೊತ್ತಿರುವುದು ನನಗೊಬ್ಬಳಿಗೇ.

೭ ಆಗಸ್ಟ್

ಅಪ್ಪ ಕಟ್ಟೆ ಇಳಿದಿಲ್ಲ. ಓಣಿಯ ಹಣಮಂತಪ್ಪ ಕಾಕಾ ನಿಂತು ಕೂಗಿದ: "ಏನೋ ಶಟ್ಟ್ಯಾ, ಎರೀಗೂ ಮಸಾರೀಗೂ ಬೀಗತನ ಆತಂತಲ್ಲೋ! ಊಟಾ ಯಾವಾಗ?"

ಬೇರೆ ದಿನವಾಗಿದ್ದರೆ ಒಂದಕ್ಕೆ ನಾಲ್ಕು ಅನ್ನುತ್ತಿದ್ದ. ಇವತ್ತು ತನ್ನ ಬೆರಳು ತಾನೇ ಮುಟ್ಟಿ ನೋಡಿಕೊಂಡ. ಒಂದೊಂದಾಗಿ.

ಅವ್ವ: "ಎರಡು ದಿನಾತು, ರೊಟ್ಟಿ ಮುಟ್ಟವಲ್ಲ. ನೀನರ ಕೇಳ."

೧೦ ಆಗಸ್ಟ್

ಅಪ್ಪನಿಗೆ ಹೇಳಿದೆ. ಎಲ್ಲ.

ತಡಕಾಡಿ ನನ್ನ ಮುಂಗೈ ಹಿಡಿದ. ಆಮೇಲೆ, "ಚೀಟಿ ಹರದೀಯೇನ?"

"ಇಲ್ಲಪಾ."

"ಹರಿ. ಇಲ್ಲಾಂದ್ರ ನಿನ್ನ ಕೆಲಸಾ ಹೋಗತೈತಿ. ಶಟ್ಟೆಪ್ಪನ ಕೈ ಕೆಟ್ಟೈತಿ ಅಂತ ಬರಕೊಳ್ಳಿ. ಕಣ್ಣ ಹೆಂಗೂ ಹೋಗ್ಯಾವ."

ಎದ್ದು ಹೊರಟಿದ್ದೆ. ಹಿಂದಿನಿಂದ ಮೆಲ್ಲಗೆ ಕರೆದ.

"ರಾಣೀ… ಮಸಾರೀದ ಇತ್ತು, ಹೌದಿಲ್ಲೋ?"

"ಹೌದಪಾ."

"ಇನ್ನೊಮ್ಮೆ ಹೇಳ."

೧೪ ಆಗಸ್ಟ್

ಬೈಲಹೊಂಗಲಕ್ಕೆ ಹೋದೆ. ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ. ಮೇಡಂ ಅವರೇ ಎತ್ತಿದರು. ಹಲೋ ಎಂದರು. ಯಾರ್ರಿ ಎಂದರು. ಹಲೋ, ಹಲೋ…

ಇಟ್ಟುಬಿಟ್ಟೆ. ಬೂತಿನವ ನನ್ನನ್ನೇ ನೋಡುತ್ತಿದ್ದ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಪೂರ್ತಿ ವಾಕ್ಯ ಹೇಳಿದೆ. ತಪ್ಪಿಲ್ಲದೆ ಬಂತು. ಯಾರಿಗೆ ಬೇಕು ಅದು.

ಹದಿನೆಂಟಕ್ಕೆ ಮೇಡಂ ದಿಲ್ಲಿಗೆ ಹೋಗುತ್ತಾರೆ. ಅಲ್ಲಿ ದೊಡ್ಡವರೆಲ್ಲರ ಮುಂದೆ ಓದುತ್ತಾರೆ. ಒಂದೇ ಜಾತಿ, ಎಂದು. ಆಮೇಲೆ ಅದು ಅಚ್ಚಾಗುತ್ತದೆ. ಅಚ್ಚಾದ ಮೇಲೆ ಅಪ್ಪ ಸುಳ್ಳುಗಾರನೇ.

೧೭ ಆಗಸ್ಟ್, ಬೆಳಿಗ್ಗೆ ೯

ಇವತ್ತು ಬಂದು ಗಂಡನ್ನೂ ಮರಿಗಳನ್ನೂ ಒಯ್ಯುತ್ತಾರೆ. ಧಾರವಾಡದಲ್ಲಿ ಕೊಯ್ದು ತಲೆಬುರುಡೆ ಅಳೆಯುವುದಂತೆ. ಅದಾದರೆ ತೋರಿಸಲಿಕ್ಕೆ ಇಲಿಯೂ ಉಳಿಯುವುದಿಲ್ಲ.

ಚೀಟಿ ಹರಿದಿಲ್ಲ.

ಅಪ್ಪ ಹಿಂದೆಯೇ ಬಂದ. ಶೆಡ್ಡಿನ ಹೊಸ್ತಿಲ ಮೇಲೆ ಕುಳಿತಿದ್ದಾನೆ. "ಮನೀಗೆ ನಡಿ ಹುಚ್ಚೀ, ನಾ ಕೊಟ್ಟ ಕಳಸತೇನಿ" ಅನ್ನುತ್ತಾನೆ. ಅವನ ಕೈಯಲ್ಲಿ ಹಾರಿ ಇಲ್ಲ. ಕೈ ಎಲ್ಲಿಡಬೇಕೆಂದೇ ಅವನಿಗೆ ತಿಳಿಯುತ್ತಿಲ್ಲ.

ಹೇಳಬೇಕಾದ ಮಾತನ್ನು ಇಲ್ಲಿ ಬರೆದು ಬರೆದು ಕಲಿಯುತ್ತಿದ್ದೇನೆ. ಬಾಯಿಗೆ ಬಾರದಿದ್ದರೆ ಈ ಪುಟವನ್ನೇ ಅವರ ಕೈಗೆ ಕೊಡುತ್ತೇನೆ.

ಜೀಪಿನ ಸಪ್ಪಳ. ನಿಂತಿತು. ಅಪ್ಪ ಎದ್ದ.

ಮೇಡಂ, ಅದು ಎಂಟಲ್ಲ. ಅದು ನಾಲ್ಕು. ಬರೆದವಳು ನಾನು.
ಮೇಡಂ, ಅದು ಎಂಟಲ್ಲ. ಅದು ನಾಲ್ಕು. ಬರೆದವಳು
ಮೇಡಂ, ಅದು ಎಂಟಲ್ಲ. ಅದು ನಾ