ತಪ್ಪೊಪ್ಪಿಗೆಯ ಬದಲು

ಹರಿಹರ,
೧೨-೨-೧೯೬೩

ಗಣಿತದ ಅಧ್ಯಾಪಕರಿಗೆ,

ಇಂದು ತಪ್ಪೊಪ್ಪಿಗೆ ಬರೆದು ತರಬೇಕೆಂದು ಹೇಳಿದ್ದಿರಿ. ಅದನ್ನು ನಾನು ಬರೆಯುವುದಿಲ್ಲ.

ಬಿ.ಎಸ್ಸಿ. ತರಗತಿಯ ಮೊದಲ ದಿನ ಬೋರ್ಡಿನ ಮೇಲೆ ನಿಯಮ ಬರೆದವರು ತಾವೇ: ಉತ್ತರಕ್ಕೆ ಎರಡು ಅಂಕ, ಹಂತಗಳಿಗೆ ಎಂಟು, ವಿಧಾನ ಯಾವುದಾದರೂ ಆಗಬಹುದು. ಪೂರ್ವಸಿದ್ಧತಾ ಪರೀಕ್ಷೆಯ ಐದನೆಯ ಲೆಕ್ಕವನ್ನು ತಮ್ಮ ನೋಟ್ಸಿನಲ್ಲಿಲ್ಲದ ವಿಧಾನದಲ್ಲಿ ಬಿಡಿಸಿದೆ. ಹಂತಗಳೂ ಸರಿ, ಉತ್ತರವೂ ಸರಿ. ತಾವು ಇಡೀ ಪತ್ರಿಕೆಗೆ ಸೊನ್ನೆ ಹಾಕಿ, ಎಲ್ಲರೆದುರು "ಇದು ನಿನ್ನ ತಲೆಗೆ ಹೊಳೆಯೋದಲ್ಲ, ಯಾರದ್ದು ನೋಡಿ ಬರೆದೆ?" ಎಂದಿರಿ. ತರಗತಿಯಲ್ಲಿ ಹುಡುಗಿ ನಾನೊಬ್ಬಳೇ. ಪರೀಕ್ಷೆಯಲ್ಲೂ ನನ್ನನ್ನು ಬೇರೆಯಾಗಿ, ತಮ್ಮ ಮೇಜಿನೆದುರೇ ಕೂರಿಸಿದ್ದಿರಿ. ಹತ್ತಿರ ಯಾರೂ ಇರಲಿಲ್ಲ.

ನಿನ್ನೆ ನಮ್ಮೂರು ಕೊಂಡಜ್ಜಿಯಿಂದ ನನ್ನ ಅಪ್ಪನನ್ನು ದಾವಣಗೆರೆಯ ಕಾಲೇಜಿಗೆ ಕರೆಸಿದಿರಿ. ಜೋಳದ ಕಣ ಬಿಟ್ಟು ಬಂದ ಅವರು ತಮ್ಮ ಮುಂದೆ ಅರ್ಧ ಗಂಟೆ ನಿಂತೇ ಇದ್ದರು. "ಏನ್ ತಪ್ಪಾಗೈತೋ ನಂಗೆ ತಿಳಿಯಲ್ರಿ, ಮಗಳನ್ನ ಪರೀಕ್ಷೆಗೆ ಕೂಡಿಸ್ರಿ" ಎಂದು ಕೈಮುಗಿದರು. "ತಪ್ಪು ಒಪ್ಪಿಕೊಂಡ್ರೆ ಮೂವತ್ತೈದು ಹಾಕ್ತೀನಿ" ಎಂದಿರಿ. ಅಷ್ಟು ಬಾರದಿದ್ದರೆ ವಾರ್ಷಿಕ ಪರೀಕ್ಷೆಗೆ ನನ್ನನ್ನು ಬಿಡುವುದಿಲ್ಲವೆಂದು ಗೊತ್ತು.

ನಾನು ಓದಲೆಂದು ಉಳಿದಿರುವ ಹರಿಹರಕ್ಕೆ ಹಿಂತಿರುಗುವಾಗ ಬಸ್ಸಿನಲ್ಲಿ ಅಪ್ಪ ತಗ್ಗಿದ ದನಿಯಲ್ಲಿ ಕೇಳಿದರು: "ನೋಡಿ ಬರ್ದೆಯೇನವ್ವ?" ನನ್ನನ್ನು ಅವರು ಅನುಮಾನಿಸಿದ್ದು ಅದೇ ಮೊದಲು. ಸೊನ್ನೆಯನ್ನು ಮರೆತರೂ ಅದನ್ನು ಮರೆಯಲಾರೆ.

ನನ್ನ ಉತ್ತರ ಪತ್ರಿಕೆಯನ್ನು ಪ್ರಿನ್ಸಿಪಾಲರಿಗೆ ಒಪ್ಪಿಸಬೇಕು. ಅವರಿಗೂ ಈ ಪತ್ರದ ಪ್ರತಿ ಕೊಡುತ್ತಿದ್ದೇನೆ. ಅದೇ ಲೆಕ್ಕವನ್ನು ಮತ್ತೊಂದು ವಿಧಾನದಲ್ಲಿ ಬಿಡಿಸಿ ಇದರೊಂದಿಗೆ ಇಟ್ಟಿದ್ದೇನೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ತೋರಿಸಿ.

ಇತಿ,
ಕೆ. ಸರ್ವಮಂಗಳ
ಕೆಂಚವೀರಪ್ಪನವರ ಮಗಳು